ಕನಕದಾಸರಿಗೆ ಸಿಕ್ಕ ಕೊಪ್ಪರಿಗೆ

ಹರಿಃ ಓಂ. ಶ್ರೀ ಗುರುಭ್ಯೋ ನಮಃ.

ಕಳೆದ ಶನಿವಾರ ನಮ್ಮ ಭಜನಾ ಮಂಡಳಿಯಲ್ಲಿ ಕನಕದಾಸರ ಜಯಂತಿ ಮಾಡಿದೆವು. ಮಕ್ಕಳು ಹಾಡಿದ ಮೇಲೆ ಇಪ್ಪತ್ತು ನಿಮಿಷ ಏನಾದರೂ ಮಾತಾಡಿ ಅಂತ ನನಗೆ ಹೇಳಿದರು. ಹಾಡು ಹೇಳಿಕೊಡೋದು ನನ್ನ ಕೆಲಸ, ಪ್ರವಚನ ಮಾಡುವಷ್ಟು ಓದಿದವಳಲ್ಲ. ಆದರೂ ಹಿರಿಯರ ಮಾತು ಮೀರಬಾರದು ಅಂತ ಮಾತಾಡಿದೆ. ಆ ದಿನ ಬರಲಾಗದವರು ಬರೆದು ಕೊಡಿ ಅಂತ ಕೇಳಿದ್ದಾರೆ. ಅಲ್ಲಿ ಹೇಳಿದ್ದನ್ನು ಬರೆಯೋಕೆ ಕೂತೆ. ಅಲ್ಲಿ ಬಾಯಿಗೆ ಬಂದು ನುಂಗಿಕೊಂಡ ಒಂದು ವಿಷಯವೂ ಜೊತೆಗೆ ಬಂದುಬಿಟ್ಟಿದೆ. ಇರಲಿ.

ಮೊದಲು ನಮ್ಮ ಮನೆಯವರ ಹುಚ್ಚಿನ ಸುದ್ದಿ. ನಾವಿರೋದು ಇಂಗ್ಲೆಂಡಿನ ಸಫೊಕ್‌ನಲ್ಲಿ, ಸುತ್ತಲೂ ಗೋಧಿ, ಬಾರ್ಲಿ ಹೊಲಗಳು. ನಿವೃತ್ತಿ ಆದ ಮೇಲೆ ಇವರು ಒಂದು ಮೆಟಲ್ ಡಿಟೆಕ್ಟರ್ ತಗೊಂಡ್ರು. ಉದ್ದನೆಯ ಕೋಲು, ತುದಿಯಲ್ಲಿ ತಟ್ಟೆಯಂಥದ್ದು, ಕಿವಿಗೆ ಹೆಡ್‌ಫೋನ್. ಪೈರು ಕೊಯ್ದು ಹೊಲ ಖಾಲಿಯಾದ ಮೇಲೆ, ರೈತನ ಒಪ್ಪಿಗೆ ಪಡೆದು, ಇದೇ ಹವ್ಯಾಸದ ಹತ್ತಾರು ಜನ ಭಾನುವಾರ ಬೆಳಗ್ಗೆಯಿಂದ ಕತ್ತಲಾಗೋವರೆಗೆ ಆ ತಟ್ಟೆಯನ್ನು ಅತ್ತಿತ್ತ ಆಡಿಸ್ತಾ ನಡೀತಾರೆ. ಮಳೆ ಚಳಿ ಯಾವುದೂ ಲೆಕ್ಕಕ್ಕಿಲ್ಲ. ನಾನು ಮೊಸರನ್ನ ಕಟ್ಟಿಕೊಡ್ತೀನಿ. ಸಂಜೆ ಬಂದವರೇ ಸಿಕ್ಕಿದ್ದನ್ನೆಲ್ಲ ತೊಳೆಯೋದು ನನ್ನ ಅಡುಗೆಮನೆ ಸಿಂಕ್‌ನಲ್ಲಿ! ಇದುವರೆಗಿನ ಸಂಪಾದನೆ: ಕೋಟಿನ ಗುಂಡಿಗಳು, ಮುರಿದ ಬಕಲ್‌ಗಳು, ಸೀಸದ ಗುಂಡುಗಳು, ಸವೆದುಹೋದ ವಿಕ್ಟೋರಿಯಾ ರಾಣಿಯ ಪೆನ್ನಿಗಳು, ಮತ್ತೆ ಕೋಲಾ ಡಬ್ಬದ ಮುಚ್ಚಳ ಕೀಳೋ ರಿಂಗುಗಳು ಲೆಕ್ಕವಿಲ್ಲದಷ್ಟು. ಎಲ್ಲ ಮೈಸೂರುಪಾಕಿನ ಹಳೇ ಡಬ್ಬಿಯಲ್ಲಿ ಭದ್ರವಾಗಿದೆ.

ಒಂದು ದಿನ ನಾನೂ ಹೋಗಿ ಹೆಡ್‌ಫೋನ್ ಹಾಕ್ಕೊಂಡೆ. ಸಂಗೀತದವರಿಗೆ ಕುತೂಹಲದ ವಿಷಯ ಇದು. ಮಣ್ಣೊಳಗೆ ಕಬ್ಬಿಣದ ಮೊಳೆ ಇದ್ದರೆ ಅದು ಮಂದ್ರದಲ್ಲಿ ಗೊರಗುಟ್ಟುತ್ತೆ. ಬೆಳ್ಳಿಯ ನಾಣ್ಯ ಇದ್ದರೆ ತಾರಸ್ಥಾಯಿಯಲ್ಲಿ ಕೂಗುತ್ತೆ. ಬಂಗಾರದ ಸಣ್ಣ ಉಂಗುರ ಇವೆರಡರ ನಡುವೆ ಎಲ್ಲೋ ನುಡಿಯುತ್ತೆ, ಮತ್ತೆ ಆ ಅಲ್ಯೂಮಿನಿಯಂ ರಿಂಗೂ ಹೆಚ್ಚುಕಡಿಮೆ ಅದೇ ಶ್ರುತಿಯಲ್ಲಿ ನುಡಿಯುತ್ತೆ. ಹಾಗಾದ್ರೆ ಯಾವುದು ಯಾವುದು ಅಂತ ಹೇಗೆ ಗೊತ್ತಾಗುತ್ತೆ ಅಂತ ಕೇಳಿದೆ. "ಗೊತ್ತಾಗಲ್ಲ. ಅಗೆದೇ ನೋಡಬೇಕು. ಬಂಗಾರ ಬೇಕು ಅನ್ನೋನು ಕಸಾನೂ ಅಗೀಬೇಕು" ಅಂದ್ರು. ನಮ್ಮ ನಾಮಸ್ಮರಣೆಯೂ ಹೀಗೇ ಅಲ್ವೇ ಅನ್ನಿಸಿತು. ನಾಲಿಗೆ ಸಾವಿರ ಸಲ ಹೇಳುತ್ತೆ, ಮನಸ್ಸು ಕೂತು ಹೇಳಿದ್ದು ಎಲ್ಲೋ ಒಂದು ಸಲ. ಆ ಒಂದು ಯಾವುದು ಅಂತ ಮೊದಲೇ ತಿಳಿಯೋ ಹಾಗಿಲ್ಲ, ಸಾವಿರವನ್ನೂ ಹೇಳಬೇಕು.

ಈಗ ಕನಕದಾಸರಿಗೆ ಬರೋಣ. ಹುಟ್ಟಿದ್ದು ಇಂದಿನ ಹಾವೇರಿ ಜಿಲ್ಲೆಯ ಬಾಡದಲ್ಲಿ, ಹೆಸರು ತಿಮ್ಮಪ್ಪ. ದಾಸರಾಗೋದಕ್ಕೆ ಮುಂಚೆ ದಂಡನಾಯಕರು, ಕತ್ತಿ ಹಿಡಿದವರು. ನೆಲ ಅಗೆಸುವಾಗ ಬಂಗಾರ ತುಂಬಿದ ಕೊಪ್ಪರಿಗೆ ಸಿಕ್ಕಿತು, ಅಂದಿನಿಂದ ಜನ ಅವರನ್ನು ಕನಕನಾಯಕ ಅಂತ ಕರೆದರು ಅಂತ ಐತಿಹ್ಯ. ಇದನ್ನು ಹೇಳುವಾಗ ಮುಂದೆ ಕೂತಿದ್ದ ಒಬ್ಬ ಪುಟ್ಟ ಹುಡುಗ, "ಆಂಟಿ, ಅವರ ಹತ್ರ ಡಿಟೆಕ್ಟರ್ ಇತ್ತಾ?" ಅಂತ ಕೇಳಿದ. ಸಭೆಯೆಲ್ಲ ನಕ್ಕಿತು, ನಮ್ಮ ಮನೆಯವರು ಎಲ್ಲರಿಗಿಂತ ಜೋರಾಗಿ ನಕ್ಕರು.

ಇರಲಿಲ್ಲ ಕಂದ. ಅವರು ಅದನ್ನು ಹುಡುಕಿಕೊಂಡು ಹೋದವರೇ ಅಲ್ಲ. ಸಿಕ್ಕಿತು. ಸಿಕ್ಕಿದ್ದನ್ನು ಮತ್ತೆ ಹೂತಿಡಲಿಲ್ಲ, ಬಡಬಗ್ಗರಿಗೆ ಕೊಟ್ಟರು, ಕಾಗಿನೆಲೆಯಲ್ಲಿ ಆದಿಕೇಶವನಿಗೆ ಗುಡಿ ಕಟ್ಟಿಸಿದರು ಅಂತ ಹಿರಿಯರು ಹೇಳುತ್ತಾರೆ. ಇಲ್ಲಿ ನಾವು ಸಾಮಾನ್ಯವಾಗಿ ಓಡಿಸಿಕೊಂಡು ಹೋಗೋ ಒಂದು ವಿಷಯ ಇದೆ. ಬಂಗಾರ ಸಿಕ್ಕ ಕೂಡಲೇ ಅವರು ದಾಸರಾಗಲಿಲ್ಲ. ಕೊಟ್ಟ ಮೇಲೂ ನಾಯಕರಾಗಿಯೇ ಇದ್ದರು, ಯುದ್ಧಕ್ಕೆ ಹೋದರು, ಮೈತುಂಬ ಗಾಯವಾಗಿ ಬಿದ್ದರು, ಆಮೇಲೆ ಹರಿಯ ಕರೆ ಕಿವಿಗೆ ಬಿತ್ತು. ದಾನ ಮಾಡಿದ ಮಾತ್ರಕ್ಕೆ ಮನಸ್ಸು ತೊಳೆದುಹೋಗೋದಿಲ್ಲ. ಇದನ್ನು ನಾನು ಸುಮ್ಮನೆ ಹೇಳ್ತಿಲ್ಲ, ಮುಂದೆ ನೋಡಿ.

ನಮ್ಮ ಈ ಸಫೊಕ್‌ನಲ್ಲೇ ಹಾಕ್ಸನ್ ಅಂತ ಒಂದು ಹಳ್ಳಿ ಇದೆ. 1992ರ ನವೆಂಬರ್ 16ರಂದು ಎರಿಕ್ ಲಾಸ್ ಅನ್ನೋ ನಿವೃತ್ತ ತೋಟಗಾರರೊಬ್ಬರು ಅಲ್ಲಿನ ಒಂದು ಹೊಲಕ್ಕೆ ಡಿಟೆಕ್ಟರ್ ತಗೊಂಡು ಹೋದರು. ನಿಧಿಗಲ್ಲ! ರೈತ ಸ್ನೇಹಿತನ ಸುತ್ತಿಗೆ ಕಳೆದುಹೋಗಿತ್ತು, ಅದನ್ನು ಹುಡುಕೋಕೆ. ಸಿಕ್ಕಿದ್ದು ರೋಮನ್ನರ ಕಾಲದ ಭಂಡಾರ. ಸುಮಾರು 15,000 ಚಿನ್ನ, ಬೆಳ್ಳಿ, ಕಂಚಿನ ನಾಣ್ಯಗಳು, ಜೊತೆಗೆ 200ರಷ್ಟು ಬೆಳ್ಳಿ ಸಾಮಾನು, ಚಿನ್ನದ ಒಡವೆಗಳು. ಆ ಮನುಷ್ಯ ಸ್ವಲ್ಪ ಅಗೆದವರು ಇದು ಸಣ್ಣದಲ್ಲ ಅಂತ ತಿಳಿದ ಕೂಡಲೇ ಕೈ ನಿಲ್ಲಿಸಿದರು. ಹೊಲದವನಿಗೂ ಅಧಿಕಾರಿಗಳಿಗೂ ತಿಳಿಸಿದರು. ಮರುದಿನ ಪುರಾತತ್ವದವರು ಬಂದು ನಿಧಾನವಾಗಿ ಎತ್ತಿದರು, ಹಾಗಾಗಿ ಪೆಟ್ಟಿಗೆಯಲ್ಲಿ ಯಾವುದನ್ನು ಯಾವುದರ ಪಕ್ಕ ಜೋಡಿಸಿದ್ದರು ಅನ್ನೋದೂ ಗೊತ್ತಾಯಿತು. 17.5 ಲಕ್ಷ ಪೌಂಡ್ ಬಹುಮಾನ ಬಂತು, ಅದನ್ನು ಆ ರೈತನ ಜೊತೆ ಹಂಚಿಕೊಂಡರು. ಸುತ್ತಿಗೆಯೂ ಸಿಕ್ಕಿತು ಅನ್ನಿ. ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ನಾನು ಲಂಡನ್ನಿಗೆ ಹೋದಾಗ ಆ ನಿಧಿ ನೋಡಿದೆ. ಹೆಂಗಸರ ಕಣ್ಣು ಮೊದಲು ಹೋಗೋದು ಪಾತ್ರೆ ಕಡೆಗೇ. ರಾಣಿಯಂಥ ಹೆಣ್ಣಿನ ಆಕಾರದ ಒಂದು ಬೆಳ್ಳಿ ಡಬ್ಬಿ, ತಳದಲ್ಲಿ ತಿರುಗಿಸೋ ಬಿಲ್ಲೆ. ಏನಪ್ಪಾ ಅಂದ್ರೆ ಮೆಣಸಿನಪುಡಿ ಉದುರಿಸೋ ಡಬ್ಬಿ! ಆಗಿನ ಕಾಲಕ್ಕೆ ಕರಿಮೆಣಸು ನಮ್ಮ ಮಲಬಾರ್ ಕರಾವಳಿಯಿಂದ ಹಡಗಿನಲ್ಲಿ ರೋಮಿಗೆ ಹೋಗ್ತಿತ್ತು. ಸಾರಿಗೆ ಹಾಕೋ ಮೆಣಸನ್ನು ಇವರು ಬೆಳ್ಳಿಯಲ್ಲಿ ಇಟ್ಟಿದ್ದರಲ್ಲ ಅಂತ ನಗು ಬಂತು. ಪಕ್ಕದಲ್ಲಿ ಒಂದು ಚಿನ್ನದ ಬಳೆ. ಅದರಲ್ಲಿ ಜೂಲಿಯಾನೆ ಅನ್ನೋ ಹೆಣ್ಣುಮಗಳ ಹೆಸರನ್ನು ಅಕ್ಷರ ಕೊರೆದು ಮಾಡಿದ್ದಾರೆ. 1600 ವರ್ಷದ ಹಿಂದೆ ಯಾರೋ ಒಬ್ಬರು, ಕಾಲ ಸರಿಹೋದ ಮೇಲೆ ಬಂದು ತಗೊಳ್ಳೋಣ ಅಂತ ಅದನ್ನು ಮಡಿಸಿ ಇಟ್ಟು ಮಣ್ಣು ಮುಚ್ಚಿದರು. ಬರಲೇ ಇಲ್ಲ. ನಾನು ಆ ಬಳೆ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಯಾಕೆ ಅಂತ ನಮ್ಮ ಮನೆಯವರಿಗೆ ಹೇಳಲಿಲ್ಲ.

ಎಲ್ಲರೂ ಆ ತೋಟಗಾರರ ಹಾಗೆ ಇರೋದಿಲ್ಲ. ಇಲ್ಲಿಯ ಕಾನೂನಿನಂತೆ ನಿಧಿ ಸಿಕ್ಕರೆ 14 ದಿನದೊಳಗೆ ತಿಳಿಸಬೇಕು. 2015ರಲ್ಲಿ ಹೆರೆಫರ್ಡ್‌ಶೈರ್‌ನಲ್ಲಿ ಇಬ್ಬರಿಗೆ ವೈಕಿಂಗರ ಕಾಲದ ಭಂಡಾರ ಸಿಕ್ಕಿ, ತಿಳಿಸದೆ ಬಚ್ಚಿಟ್ಟು ಮಾರೋಕೆ ಹೋಗಿ, 2019ರಲ್ಲಿ ಜೈಲಿಗೆ ಹೋದರು. ನಾಣ್ಯಗಳಲ್ಲಿ ಹೆಚ್ಚಿನವು ಇವತ್ತಿಗೂ ಸಿಕ್ಕಿಲ್ಲ. ಹೇಳಿ ಕೊಟ್ಟಿದ್ದರೆ ಬಹುಮಾನವೇ ಬರ್ತಿತ್ತು.

ಛಾಂದೋಗ್ಯ ಉಪನಿಷತ್ತಿನ ಎಂಟನೆಯ ಅಧ್ಯಾಯದಲ್ಲಿ ನಿಧಿಯ ದೃಷ್ಟಾಂತ ಒಂದು ಬರುತ್ತೆ. ಹೊಲದಲ್ಲಿ ಬಂಗಾರ ಹುದುಗಿದೆ. ಆ ನೆಲದ ಗುಟ್ಟು ತಿಳಿಯದವರು ಅದರ ಮೇಲೇ ದಿನಾ ಓಡಾಡ್ತಾರೆ, ಅವರಿಗೆ ಸಿಗಲ್ಲ. ಹಾಗೇ ನಾವು ದಿನದಿನವೂ ಗಾಢನಿದ್ರೆಯಲ್ಲಿ ಪರಮಾತ್ಮನ ಹತ್ತಿರ ಹೋಗಿಬರ್ತೀವಿ, ತಿಳಿಯೋದಿಲ್ಲ. ಯಾಕೆ ತಿಳಿಯೋದಿಲ್ಲ? ಅನೃತ ಅಡ್ಡ ಬರುತ್ತೆ ಅನ್ನುತ್ತೆ ಉಪನಿಷತ್ತು. ನಿಜವಲ್ಲದ್ದು. ಈ ಮಾತನ್ನು ನಾನು ಎಷ್ಟೋ ವರ್ಷ ವೇದಾಂತದ ಮಾತು ಅಂತಲೇ ಓದಿದ್ದೆ, ಮನೆಮಾತು ಅಂತ ಓದಿರಲಿಲ್ಲ.

ಇನ್ನು ಅಗೆಯುವವರಲ್ಲಿ ಮೂರನೇ ಥರದವರ ವಿಷಯ. 2019ರ ಜುಲೈ 18ರ ಬೆಳಗ್ಗೆ ನಮ್ಮೆಲ್ಲರ ಫೋನಿಗೂ ಬಂದ ಆ ಚಿತ್ರ ಯಾರೂ ಮರೆತಿರಲಾರಿರಿ. ಆನೆಗೊಂದಿಯ ಹತ್ತಿರ, ತುಂಗಭದ್ರೆಯ ನಡುಗಡ್ಡೆ ನವವೃಂದಾವನದಲ್ಲಿ ಶ್ರೀ ವ್ಯಾಸರಾಜರ ವೃಂದಾವನವನ್ನು ರಾತ್ರೋರಾತ್ರಿ ಒಡೆದುಹಾಕಿದ್ದರು. ಪುರಂದರದಾಸರ ಗುರುಗಳು, ಕನಕರನ್ನು ಅಪ್ಪಿಕೊಂಡ ಗುರುಗಳು. ನಿಧಿ ಇದೆ ಅಂತ ಅಗೆದವರು ಅಂತ ಆಮೇಲೆ ಪೊಲೀಸರು ಹಿಡಿದಾಗ ತಿಳಿಯಿತು. ನಾನು ಅವತ್ತು ಅಡುಗೆ ಮಾಡಲಿಲ್ಲ. ಸನ್ಯಾಸಿಯ ವೃಂದಾವನದ ಕೆಳಗೆ ಬಂಗಾರ ಇರುತ್ತೆಯೇ? ನಿಧಿಯ ಮೇಲೇ ನಿಂತಿದ್ದರು, ನಿಧಿ ಹುಡುಕ್ತಾ ಅದನ್ನೇ ಒಡೆದರು. ಪುಣ್ಯಕ್ಕೆ ಮಠಗಳವರು, ಭಕ್ತರು ಎಲ್ಲ ಸೇರಿ ಮರುದಿನವೇ ಕಲ್ಲಿಗೆ ಕಲ್ಲು ಜೋಡಿಸಿ ವೃಂದಾವನವನ್ನು ಮತ್ತೆ ನಿಲ್ಲಿಸಿದರು.

ಶನಿವಾರ ಇಲ್ಲಿಗೆ ಮುಗಿಸಿ ಮಂಗಳ ಹಾಡಿಸಿದೆ. ಅಲ್ಲಿ ಹೇಳದಿದ್ದನ್ನು ಈಗ ಹೇಳ್ತೀನಿ.

ನಮ್ಮ ಅಮ್ಮ ಮೈಸೂರಿನಲ್ಲಿ ಅಣ್ಣ ಅತ್ತಿಗೆ ಜೊತೆ ಇದ್ದರು. ನಾನು ಇಲ್ಲಿಂದ ಎರಡು ಮೂರು ತಿಂಗಳಿಗೊಮ್ಮೆ ಅಣ್ಣನ ಖಾತೆಗೆ ಸ್ವಲ್ಪ ದುಡ್ಡು ಹಾಕ್ತಿದ್ದೆ, ಅತ್ತಿಗೆ ತೆಗೆದು ಅಮ್ಮನ ಕೈಗೆ ಕೊಡೋದು. ಹಣ್ಣಿಗೆ, ಔಷಧಿಗೆ, ಕಿವಿಗೆ ಮೆಷಿನ್ ಹಾಕಿಸಿಕೊಳ್ಳೋಕೆ. 2014ರಲ್ಲಿ ಹೋದಾಗ ನೋಡ್ತೀನಿ, ಅಮ್ಮನ ಮೈಮೇಲೆ ಅದೇ ಹಳೇ ಸ್ವೆಟರ್, ಕಿವಿಗೆ ಮೆಷಿನ್ ಇಲ್ಲ. ಕೇಳಿದರೆ ನಗ್ತಾರೆ. ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಒಂದು ರಾತ್ರಿ ಅತ್ತಿಗೆ ಚಪಾತಿ ಲಟ್ಟಿಸ್ತಿದ್ದಾಗ, "ಅಮ್ಮನಿಗೆ ಅಂತ ಕಳಿಸಿದ್ದು ಅಮ್ಮನಿಗೇ ತಲುಪ್ತಿದೆ ತಾನೇ ಅತ್ತಿಗೆ?" ಅಂದೆ. ಅಷ್ಟೇ ಅಂದದ್ದು. ಅವರು ಒಲೆ ಸಣ್ಣ ಮಾಡಿದರು. ಮಾತಾಡಲಿಲ್ಲ.

ಅಲ್ಲಿಯವರೆಗೆ ಅವರು ನನ್ನನ್ನು "ಏನೇ, ನೀನು" ಅಂತಿದ್ದರು. ಮದುವೆಯಾಗಿ ಬಂದಾಗ ನನಗೆ ಎರಡು ಜಡೆ ಹಾಕಿದವರು. ಮಾರನೇ ದಿನದಿಂದ "ನೀವು" ಆಯಿತು. ನೀವು ಕಾಫಿ ತಗೊಳ್ಳಿ, ನೀವು ಯಾವಾಗ ಹೊರಡೋದು.

2015ರಲ್ಲಿ ಅಮ್ಮ ಹೋದರು. ವೈಕುಂಠ ಸಮಾರಾಧನೆ ಮುಗಿದ ಮೇಲೆ, ಎಲ್ಲರೂ ಮಲಗಿದಾಗ, ನಾನು ಅಮ್ಮನ ಬೀರು, ಟ್ರಂಕು, ಅಕ್ಕಿ ಡಬ್ಬ, ಸಾಸಿವೆ ಡಬ್ಬಿ ಎಲ್ಲ ಕೈಯಾಡಿಸಿದೆ. ಅಮ್ಮನ ನೆನಪಿಗೆ ಅಂತ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ದುಡ್ಡು ಇದೆಯೋ ಇಲ್ಲವೋ ಅಂತ ನೋಡ್ತಿದ್ದೆ. ಸಿಗದೆ ಇರಲಿ ಅಂತಲೂ ಆಸೆ ಇತ್ತೇನೋ, ನನ್ನ ಅನುಮಾನ ಗೆಲ್ಲಲಿ ಅಂತ. ಸಿಗಲಿಲ್ಲ.

2018ರ ಕಾರ್ತಿಕದಲ್ಲಿ ತುಳಸಿಪೂಜೆಗೆ ಅಂತ ಅತ್ತಿಗೆ ಅಟ್ಟದಿಂದ ಅಮ್ಮನ ಗೆಜ್ಜೆವಸ್ತ್ರದ ಡಬ್ಬಿ ಇಳಿಸಿದರು. ಹತ್ತಿ, ಹೂಬತ್ತಿ, ಅದರ ಕೆಳಗೆ ಹಾಲಿನ ಕವರಿನಲ್ಲಿ ಸುತ್ತಿದ ಐನೂರರ ಹಳೇ ನೋಟುಗಳು. 62 ನೋಟು, 31,000 ರೂಪಾಯಿ. 2016ರ ನವೆಂಬರ್ 8ರ ರಾತ್ರಿಯೇ ರದ್ದಾದವು. ಜೊತೆಗೆ ಕ್ಯಾಲೆಂಡರಿನ ಹಾಳೆಯ ಹಿಂದೆ ಅಮ್ಮನ ಕೈಬರಹದಲ್ಲಿ ತಾರೀಖು, ಮೊತ್ತ. ಕೆಳಗೆ ನನ್ನ ಮಗಳ ಹೆಸರು, ಪಕ್ಕದಲ್ಲಿ "ಬಳೆಗೆ" ಅಂತ. ಮಗಳ ದುಡ್ಡು ತಿನ್ನಬಾರದು ಅನ್ನೋ ಕಾಲದವರು ಅಮ್ಮ. ನನಗೆ ಅದು ಹೊಳೆಯಲೇ ಇಲ್ಲ.

ಅತ್ತಿಗೆ ಫೋನಿನಲ್ಲಿ ಎಣಿಸಿ ಹೇಳಿದರು. ಒಂದು ಚುಚ್ಚುಮಾತಿಲ್ಲ. "ಇದನ್ನು ಏನು ಮಾಡಲಿ, ನೀವೇ ಹೇಳಿ" ಅಂದರು. ಅಲ್ಲೇ ಇಡಿ ಅಂದೆ. ಕ್ಷಮೆ ಕೇಳಬೇಕಿತ್ತು, ನೆಟ್‌ವರ್ಕ್ ಸರಿ ಇಲ್ಲ ಅಂತ ಇಟ್ಟುಬಿಟ್ಟೆ. ಆ ವರ್ಷ ಊರಿನ ದೇವಸ್ಥಾನಕ್ಕೆ ದೊಡ್ಡ ಮೊತ್ತ ಕಳಿಸಿದೆ. ದಾನ ಮಾಡಿದರೆ ಮನಸ್ಸು ತೊಳೆಯೋದಿಲ್ಲ ಅಂತ ಮೇಲೆ ಹೇಳಿದ್ದು ಅದಕ್ಕೇ.

ಮಕ್ಕಳಿಗೆ ಪ್ರತಿವರ್ಷ ಶ್ರೀನಿವಾಸ ನಾಯಕರ ಮೂಗುತಿ ಕಥೆ ಹೇಳ್ತೀನಿ. ನಾಯಕರು ಮೂಗುತಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಹೆಂಡತಿಯ ಮೇಲೆ ಅನುಮಾನಪಟ್ಟು ಮನೆಗೆ ಧಾವಿಸಿದರು. ಅವರು ತಮ್ಮ ತಪ್ಪು ಕಂಡ ದಿನವೇ ಪೆಟ್ಟಿಗೆ, ಬೀಗ, ನವಕೋಟಿ ಎಲ್ಲ ಬಿಟ್ಟು ಹೊರಟು ಪುರಂದರದಾಸರಾದರು. ನಾನು ಒಂದು ಫೋನು ಮಾಡೋಕೆ ಇಷ್ಟು ವರ್ಷ ತಗೊಂಡೆ.

ಶನಿವಾರ ವ್ಯಾಸರಾಜರ ವೃಂದಾವನ ಮತ್ತೆ ನಿಂತ ಮಾತು ಹೇಳುವಾಗ ನನ್ನ ಗಂಟಲು ಕಟ್ಟಿತು. ಎಲ್ಲರೂ ಭಕ್ತಿಯಿಂದ ಅಂದುಕೊಂಡರು. ಸೋಮವಾರ ನಮ್ಮ ಮಧ್ಯಾಹ್ನಕ್ಕೆ, ಅಲ್ಲಿ ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡಿದೆ. "ಅತ್ತಿಗೆ, ಅವತ್ತು ಅಡುಗೆಮನೆಯಲ್ಲಿ ನಾನು ಅಂದ ಮಾತು ತಪ್ಪು. ನನ್ನನ್ನು ಕ್ಷಮಿಸಿ" ಅಂದೆ. ಆ ಕಡೆ ಕುಕ್ಕರ್ ಕೂಗ್ತಿತ್ತು. ಒಲೆ ಸಣ್ಣ ಮಾಡಿದ್ದು ಕೇಳಿಸಿತು. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಊಟ ಆಯ್ತಾ?" ಅಂದರು.

ಅದರಲ್ಲಿ ನೀನೂ ಇಲ್ಲ, ನೀವೂ ಇಲ್ಲ. ಆಯ್ತು ಅತ್ತಿಗೆ ಅಂದೆ. ಜನವರಿಗೆ ಟಿಕೆಟ್ ಮಾಡಿಸಿದ್ದೀವಿ.

ಶ್ರೀಕೃಷ್ಣಾರ್ಪಣಮಸ್ತು.