ಗೃಹಸ್ಥನ ಬಳಕೆಯೂ ಪ್ರಭುತ್ವದ ಕಟ್ಟಳೆಯೂ

ಗೃಹಸ್ಥಜೀವನವು ಶಿವಭಕ್ತಿಗೆ ಅಡ್ಡಿಯಲ್ಲವೆಂದೂ, ಸಂಸಾರದಲ್ಲಿದ್ದುಕೊಂಡೇ ಲಿಂಗಾಂಗ ಸಾಮರಸ್ಯವನ್ನು ಸಾಧಿಸಬಹುದೆಂದೂ ಸಾರಿದುದು ಹನ್ನೆರಡನೆಯ ಶತಮಾನದ ಶಿವಶರಣರ ಹಿರಿಮೆ. ಆದಕಾರಣ ಮನೆಯೊಳಗಣ ಸಣ್ಣ ಸಂಗತಿಗಳೂ ಅವರ ದೃಷ್ಟಿಯಲ್ಲಿ ಧರ್ಮವಿಚಾರಕ್ಕೆ ಹೊರಗಾದುವಲ್ಲ. ಮೀಯುವ ನೀರು, ಉಣ್ಣುವ ತಳಿಗೆ, ಉರಿಸುವ ಸೌದೆ, ಸಂತೆಯಿಂದ ದಿನಸಿ ತರುವ ಚೀಲ ಇವೆಲ್ಲವೂ ಭಕ್ತನ ನಡೆಯನ್ನು ತೋರುವ ಕನ್ನಡಿಗಳೇ. ಇಂತಹ ನಿತ್ಯದ ಬಳಕೆಯ ಮೇಲೆ ಈಗ ಸರ್ಕಾರವು ಕಟ್ಟಳೆಗಳನ್ನು ವಿಧಿಸತೊಡಗಿದೆ. ನೆಲ, ಜಲ, ಗಾಳಿಗಳು ಕೆಡದಂತೆ ಕಾಪಾಡುವುದಕ್ಕಾಗಿ ಮನೆಯ ಬಳಕೆಯನ್ನು ಕಾನೂನಿನಿಂದ ತಡೆಯುವ ಅಧಿಕಾರವು ಪ್ರಭುತ್ವಕ್ಕೆ ಸಲ್ಲುವುದೇ? ಸಂಯಮವೆಂಬುದು ಒಳಗಿನಿಂದ ಹುಟ್ಟಬೇಕಾದ ಗುಣವಾಗಿರಲು, ಅದನ್ನು ದಂಡದ ಭಯದಿಂದ ತರುವುದು ಧರ್ಮವೆನಿಸೀತೇ? ಈ ಪ್ರಶ್ನೆಯು ಇಂದು ಪ್ರತಿಯೊಬ್ಬ ಸದ್ಗೃಹಸ್ಥನ ಹೊಸ್ತಿಲಿಗೆ ಬಂದು ನಿಂತಿದೆ.

ಮೊದಲು ನಡೆದ ಸಂಗತಿಯನ್ನು ನೋಡಬೇಕು. 2023ರಲ್ಲಿ ಮಳೆ ಕೈಕೊಟ್ಟುದರಿಂದ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಲಾಯಿತು. ಮರುವರ್ಷದ ಬೇಸಗೆಯಲ್ಲಿ ಬೆಂಗಳೂರಿನ ಅಂಚಿನ ಬಡಾವಣೆಗಳಲ್ಲಿ ಕೊಳವೆಬಾವಿಗಳು ಬತ್ತಿ, ಜನರು ಕೊಡಗಳನ್ನು ಹಿಡಿದು ಟ್ಯಾಂಕರಿನ ದಾರಿ ಕಾಯುವಂತಾಯಿತು. ಆ ನಗರಕ್ಕೆ ಕಾವೇರಿಯ ನೀರು ತಾನಾಗಿ ಹರಿದು ಬರುವುದಲ್ಲ. ಸುಮಾರು 100 ಕಿಲೋಮೀಟರು ದೂರದಿಂದ, ನೂರಾರು ಮೀಟರು ಎತ್ತರಕ್ಕೆ, ಯಂತ್ರಗಳ ಬಲದಿಂದ ಏರಿಸಿ ತರಬೇಕು. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಲಮಂಡಳಿಯು, ಕುಡಿಯುವ ನೀರನ್ನು ವಾಹನ ತೊಳೆಯುವುದಕ್ಕೂ ಕೈತೋಟಕ್ಕೂ ಕಟ್ಟಡದ ಕೆಲಸಕ್ಕೂ ಕಾರಂಜಿಗಳಿಗೂ ಬಳಸಕೂಡದೆಂದು ಆಜ್ಞೆ ಹೊರಡಿಸಿತು. ಮೀರಿದವರಿಗೆ 5,000 ರೂಪಾಯಿ ದಂಡ. ಮತ್ತೆ ಮೀರಿದರೆ ಅದರ ಮೇಲೆ ದಿನವೊಂದಕ್ಕೆ 500 ರೂಪಾಯಿ. ಕೆಲವು ಮನೆಗಳಿಗೆ ದಂಡವೂ ಬಿದ್ದಿತು. 2025ರ ಫೆಬ್ರವರಿಯಲ್ಲಿ ಇದೇ ಬಗೆಯ ಆಜ್ಞೆಯು ಮತ್ತೊಮ್ಮೆ ಹೊರಟಿತು. ಇದಕ್ಕೂ ಮುಂಚೆ, 2016ರ ಮಾರ್ಚ್ ತಿಂಗಳಲ್ಲಿ, ಕರ್ನಾಟಕ ಸರ್ಕಾರವು ಪ್ಲಾಸ್ಟಿಕ್ಕಿನ ಕೈಚೀಲ, ತಟ್ಟೆ, ಲೋಟ, ಚಮಚ ಮೊದಲಾದುವನ್ನು ನಿಷೇಧಿಸಿತ್ತು. ಒಮ್ಮೆ ಬಳಸಿ ಬಿಸಾಡುವ ಇಂತಹ ಹಲವು ವಸ್ತುಗಳು 2022ರ ಜುಲೈ 1ರಿಂದ ಇಡೀ ದೇಶದಲ್ಲಿಯೇ ನಿಷಿದ್ಧವಾದುವು. ಮನೆಯ ಕಸವನ್ನು ಹಸಿ, ಒಣ, ಅಪಾಯಕರ ಎಂದು ಬೇರ್ಪಡಿಸಿ ಕೊಡತಕ್ಕದ್ದೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದುವು.

ಈ ಕಟ್ಟಳೆಗಳಿಗೆ ಮೂರು ಆಕ್ಷೇಪಗಳುಂಟು. ಧರ್ಮವು ಅಂತರಂಗದ ವಸ್ತು. ದಂಡಕ್ಕೆ ಅಂಜಿ ನೀರುಳಿಸಿದವನು ದಂಡವಿಲ್ಲದಲ್ಲಿ ಚೆಲ್ಲುತ್ತಾನೆ, ಆದುದರಿಂದ ಇಂತಹ ಸಂಯಮಕ್ಕೆ ಬೆಲೆಯಿಲ್ಲವೆಂಬುದು ಮೊದಲನೆಯದು. ಮನೆಯು ಗೃಹಸ್ಥನ ಸ್ವಂತ ಕ್ಷೇತ್ರ. ಬೆಲೆ ತೆತ್ತು ಕೊಂಡ ನೀರನ್ನೂ ವಸ್ತುವನ್ನೂ ಹೇಗೆ ಬಳಸಬೇಕೆಂದು ಅಧಿಕಾರಿಯು ಹೇಳತೊಡಗಿದರೆ ಅವನ ಕೈ ಎಲ್ಲಿಗೆ ನಿಂತೀತು ಎಂಬುದು ಎರಡನೆಯದು. ಕಟ್ಟಳೆಯ ಭಾರವು ಬಡವನ ಮೇಲೆ ಬೀಳುವುದು, ಬಲ್ಲಿದನು ನುಣುಚಿಕೊಳ್ಳುವನು ಎಂಬುದು ಮೂರನೆಯದು. ಇವು ಮೂರೂ ಹಗುರವಾದ ಮಾತುಗಳಲ್ಲ. ಆದುದರಿಂದ ಒಂದೊಂದನ್ನೂ ತೂಗಿ ನೋಡಬೇಕು.

ಮೊದಲನೆಯ ಆಕ್ಷೇಪಕ್ಕೆ ಉತ್ತರವನ್ನು ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಚರಿತ್ರೆಯಲ್ಲಿ ಹುಡುಕಬಹುದು. ಶೂನ್ಯಸಂಪಾದನೆಯಲ್ಲಿ ಬರುವ ಈ ಪ್ರಸಂಗವನ್ನು ಅರಿಯದ ಭಕ್ತರಿಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯದ ಅಳತೆಯನ್ನು ಮೀರಿ ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡೊಡನೆಯೇ ಒಪ್ಪದೆ, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳುಹಿದಳು. ಅಲ್ಲಿ ತಳವಾರನಿರಲಿಲ್ಲ, ದಂಡವಿರಲಿಲ್ಲ. ಹೆಂಡತಿಯ ಎಚ್ಚರದ ಮಾತೊಂದೇ ಇದ್ದಿತು. ಇದನ್ನು ನೋಡಿದರೆ ಶರಣಧರ್ಮದಲ್ಲಿ ಮಿತಿಯೆಂಬುದು ಮನೆಯೊಳಗಿನಿಂದಲೇ ಹುಟ್ಟತಕ್ಕದ್ದು, ಹೊರಗಿನ ಆಜ್ಞೆಗೆ ಎಡೆಯಿಲ್ಲ ಎಂದು ತೋರುವುದು ಸಹಜ.

ಆದರೆ ಇದೇ ಕಥೆಯಲ್ಲಿ ಇನ್ನೊಂದು ತಾತ್ಪರ್ಯವೂ ಅಡಗಿದೆ. ಲಕ್ಕಮ್ಮನು ಆ ಅಕ್ಕಿಯನ್ನು ನಾಳೆಗಾಗಿ ಮಡಕೆಯಲ್ಲಿ ಇಡಿಸಲಿಲ್ಲ; ಬಂದ ಎಡೆಗೇ ಮರಳಿಸಿದಳು. ಅಗತ್ಯವನ್ನು ಮೀರಿ ತಂದುದು ತಮ್ಮದಲ್ಲ, ಮತ್ತೊಬ್ಬರ ಪಾಲು ಎಂಬ ತಿಳಿವು ಅಲ್ಲಿದೆ. ಅಧಿಕವು ಆಶೆಯ ದೋಷವಷ್ಟೇ ಆಗಿದ್ದರೆ ಮನಸ್ಸಿನ ಪಶ್ಚಾತ್ತಾಪವೇ ಸಾಕಾಗುತ್ತಿತ್ತು. ಅದು ಪರರ ಪಾಲೂ ಆದುದರಿಂದ ಹಿಂದಿರುಗಿಸುವುದು ಅವಶ್ಯವಾಯಿತು. ಮತ್ತು ಲಕ್ಕಮ್ಮನ ಕಣ್ಣೆದುರಿಗೆ ಅಕ್ಕಿಯ ಗಂಟು ಇದ್ದಿತು. ನಿನ್ನೆಗಿಂತ ಇಂದು ಎಷ್ಟು ಹೆಚ್ಚೆಂಬುದನ್ನು ಅವಳು ನೋಡಿ ಅರಿಯಬಲ್ಲವಳಾಗಿದ್ದಳು. ಇಂದಿನ ನಗರದ ಗೃಹಿಣಿಗೆ ಆ ಅನುಕೂಲವಿಲ್ಲ. ಒಂದು ಕೋಟಿಗೂ ಮಿಕ್ಕ ಜನರು ಒಂದೇ ನದಿಯ ನೀರನ್ನು ನೆಲದಡಿಯ ಕೊಳವೆಗಳ ಮೂಲಕ ಹಂಚಿಕೊಂಡಿರುವಾಗ, ಈ ಬೀದಿಯಲ್ಲಿ ವಾಹನ ತೊಳೆದ ನೀರು ಯಾವ ಬೀದಿಯ ಕೊಡದಿಂದ ಬಂದಿತೆಂಬುದು ಯಾರ ಕಣ್ಣಿಗೂ ಬೀಳದು. ಹೀಗೆ ಕಣ್ಣಿಗೆ ಕಾಣದಂತಾದ ನೆರೆಯವನ ಪರವಾಗಿ ನಿಂತು, ಇಲ್ಲಿಗೆ ಸಾಕೆಂದು ಹೇಳುವ ಹೊಣೆಯು ಎಲ್ಲರನ್ನೂ ಕಾಣಬಲ್ಲ ಒಂದು ವ್ಯವಸ್ಥೆಯ ಮೇಲೆ ಬೀಳುವುದು ಅನಿವಾರ್ಯ. ಪ್ರಭುತ್ವದ ಕಟ್ಟಳೆಗೆ ಇರುವ ನ್ಯಾಯವಾದ ಆಧಾರವು ಇದೇ.

ಕಟ್ಟಳೆಯಿಂದ ಭಕ್ತರು ಹುಟ್ಟುವುದಿಲ್ಲವೆಂಬ ಮಾತು ನಿಜ. ಆದರೆ ಭಕ್ತರನ್ನು ಮಾಡುವುದು ಕಟ್ಟಳೆಯ ಉದ್ದೇಶವೂ ಅಲ್ಲ. ಕಳ್ಳನನ್ನು ದಂಡಿಸುವುದರಿಂದ ಅವನಲ್ಲಿ ಅಸ್ತೇಯವ್ರತವು ನೆಲೆಗೊಳ್ಳದಿರಬಹುದು. ಅಷ್ಟರಿಂದ ಕಳವಿಗೆ ದಂಡವಿರಬಾರದೆಂದು ಯಾರೂ ವಾದಿಸುವುದಿಲ್ಲ. ವ್ರತವು ಆಚರಿಸುವವನ ಆತ್ಮವನ್ನು ಕಾಯುತ್ತದೆ. ಕಟ್ಟಳೆಯು ನೆರೆಮನೆಯ ಕೊಡವನ್ನು ಕಾಯುತ್ತದೆ. ಇವೆರಡನ್ನೂ ಒಂದೇ ಎಂದು ಬಗೆದುದರಿಂದಲೇ ಮೊದಲನೆಯ ಆಕ್ಷೇಪವು ಹುಟ್ಟಿತು.

ಇನ್ನು ಎರಡನೆಯ ಆಕ್ಷೇಪ. ಮನೆಯ ಒಳಗೆ ನಡೆದು ಅಲ್ಲಿಯೇ ಮುಗಿಯುವ ಸಂಗತಿಗಳು ಬೇರೆ. ಹೊರಗಿನಿಂದ ಬಂದು ಒಳಗೆ ತೀರುವ ಇಲ್ಲವೆ ಒಳಗಿನಿಂದ ಹೊರಟು ಹೊರಗೆ ಉಳಿಯುವ ಸಂಗತಿಗಳು ಬೇರೆ. ನೀರು ಮೊದಲ ಬಗೆಯದು, ಪ್ಲಾಸ್ಟಿಕ್ಕು ಎರಡನೆಯ ಬಗೆಯದು. ಹತ್ತು ನಿಮಿಷ ತರಕಾರಿ ಹೊತ್ತು ಬಂದ ಚೀಲವು ಕೊಳೆಯದೆ ತಲೆಮಾರುಗಳ ಕಾಲ ಉಳಿಯುತ್ತದೆ. ಚರಂಡಿಯನ್ನು ಕಟ್ಟಿ ಮಳೆನೀರನ್ನು ಬಡವನ ಮನೆಗೆ ನುಗ್ಗಿಸುತ್ತದೆ. ಎಂಜಲನ್ನು ಕಟ್ಟಿ ಎಸೆದಾಗ ಬೀದಿಯ ಹಸುವಿನ ಹೊಟ್ಟೆಯನ್ನು ಸೇರಿ ಅದರ ಪ್ರಾಣಕ್ಕೆ ಎರವಾಗುತ್ತದೆ. ಬೆಲೆ ಕೊಟ್ಟು ಕೊಂಡೆನೆಂಬ ಮಾತ್ರದಿಂದ ಈ ಹಾನಿಯ ಋಣವು ಹರಿದುಹೋಗುವುದಿಲ್ಲ. ಆದರೆ ಪ್ರಭುತ್ವಕ್ಕೂ ಒಂದು ಎಲ್ಲೆಯುಂಟು. ಗೃಹಸ್ಥನು ದಿನಕ್ಕೆ ಎಷ್ಟು ಸಲ ಮೀಯುವನು, ಇಷ್ಟಲಿಂಗಕ್ಕೆ ಎಷ್ಟು ನೀರಿನಿಂದ ಮಜ್ಜನ ಮಾಡಿಸುವನು, ಎಷ್ಟು ಜನ ಅತಿಥಿಗಳಿಗೆ ಉಣಬಡಿಸುವನು ಎಂಬುದನ್ನು ಇಣಿಕಿ ನೋಡುವ ಅಧಿಕಾರವು ಯಾವ ಸರ್ಕಾರಕ್ಕೂ ಇಲ್ಲ. ಕೊಳವೆಯ ಬಾಯಿಯಲ್ಲಿ ಅಳತೆ ಮಾಡಿ, ಹೆಚ್ಚು ಬಳಸಿದವನಿಂದ ಹೆಚ್ಚು ದರವನ್ನು ಪಡೆಯುವುದು ಯುಕ್ತ. ಬಚ್ಚಲಿನ ಬಾಗಿಲಲ್ಲಿ ಕಾವಲಿಡುವುದು ಅಯುಕ್ತ. ಹೊರಗಿನವರಿಗೆ ತಟ್ಟುವಷ್ಟನ್ನು ತಡೆದು, ಉಳಿದುದನ್ನು ಮನೆಯವರ ವಿವೇಕಕ್ಕೆ ಬಿಡುವುದೇ ಸರಿಯಾದ ಕ್ರಮ.

ಮೂರನೆಯ ಆಕ್ಷೇಪವನ್ನು ಮಾತ್ರ ಅಲ್ಲಗಳೆಯುವುದಕ್ಕೆ ಬಾರದು. ಅದನ್ನು ಕಟ್ಟಳೆ ವಿಧಿಸುವವರು ಕಿವಿಗೊಟ್ಟು ಕೇಳಬೇಕು. ದಿನಕ್ಕೆ ನಾಲ್ಕು ಕೊಡ ನೀರಿನಲ್ಲಿ ಸಂಸಾರ ನಡೆಸುವ ಮನೆಗೆ ಮಿತವ್ಯಯವನ್ನು ಬೋಧಿಸುವುದು ಕ್ರೌರ್ಯವೇ ಸರಿ. ಅವರು ಕಾನೂನಿಲ್ಲದೆಯೇ ಕಟ್ಟಳೆಯಲ್ಲಿ ಬಾಳುತ್ತಿದ್ದಾರೆ. ಪ್ಲಾಸ್ಟಿಕ್ಕಿನ ನಿಷೇಧವಾಗಿ ವರ್ಷಗಳು ಕಳೆದರೂ ಸಂತೆಗಳಲ್ಲಿ ಚೀಲಗಳು ಮರೆಯಾಗಿಲ್ಲ. ತಯಾರಾಗುವ ಎಡೆಯಲ್ಲಿ ತಡೆಯದೆ, ಸೊಪ್ಪು ಮಾರುವ ಮುದುಕಿಯ ಬುಟ್ಟಿಯನ್ನು ತಡಕಿ ದಂಡ ಹಾಕಿದರೆ ಅದು ಬೇರನ್ನು ಬಿಟ್ಟು ಎಲೆಯನ್ನು ಹರಿದಂತೆ. ದಾರಿಯಲ್ಲಿ ಕೊಳವೆಗಳು ಸೋರಿ ಸಾಕಷ್ಟು ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತಿರುವಾಗ, ಮನೆಯ ನಲ್ಲಿಯ ಹನಿಯನ್ನಷ್ಟೇ ಎಣಿಸುವ ಆಡಳಿತದ ಮಾತಿಗೆ ತೂಕ ಬರುವುದು ಕಷ್ಟ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು. ದಾಸೋಹಕ್ಕೆ ಭಂಡಾರದ ಹಣವನ್ನು ವೆಚ್ಚ ಮಾಡಿದರೆಂಬ ದೂರು ಬಂದಾಗ, ಲೆಕ್ಕವನ್ನು ತೆಗೆದು ನೋಡಲಾಗಿ ಒಂದು ಹಾಗವೂ ಕಡಮೆಯಾಗಿರಲಿಲ್ಲವೆಂದು ಪುರಾಣಗಳು ಸಾರುತ್ತವೆ. ಸಾರ್ವಜನಿಕ ವಸ್ತುವಿನ ಮೇಲೆ ಅಧಿಕಾರ ನಡೆಸುವವನು ಮೊದಲು ತನ್ನ ಲೆಕ್ಕವನ್ನು ಬಿಚ್ಚಿಡಬೇಕೆಂಬುದೇ ಅದರ ಪಾಠ. ಆದುದರಿಂದ ದೊಡ್ಡ ಬಳಕೆಯವರಿಂದ ಆರಂಭಿಸಿ ಸಣ್ಣವರ ಕಡೆಗೆ ಬರುವುದು, ನಿಷೇಧಿಸಿದ ವಸ್ತುವಿಗೆ ಬದಲಿಯಾದುದು ಬಡವನ ಕೈಗೆಟಕುವಂತೆ ಮಾಡುವುದು, ಆಡಳಿತವು ತನ್ನ ಪೋಲನ್ನು ಮೊದಲು ತಡೆಯುವುದು ಈ ಮೂರು ನಿಯಮಗಳಿಗೆ ಒಳಪಟ್ಟಾಗಲೇ ಕಟ್ಟಳೆಯು ನ್ಯಾಯವೆನಿಸಿಕೊಳ್ಳುತ್ತದೆ. ಅವನ್ನು ಮೀರಿದರೆ ಬರಿಯ ಬಲಾತ್ಕಾರವಾಗುತ್ತದೆ.

ಭಾರತದ ಸಂವಿಧಾನವೂ ಈ ಹೊಣೆಯನ್ನು ಒಂದೇ ಕಡೆಗೆ ಹೊರಿಸಿಲ್ಲ. 1976ರ 42ನೆಯ ತಿದ್ದುಪಡಿಯಿಂದ ಸೇರಿದ 48ಎ ಅನುಚ್ಛೇದವು ಪರಿಸರವನ್ನು ರಕ್ಷಿಸುವ ಕೆಲಸವನ್ನು ರಾಜ್ಯಕ್ಕೆ ಹೇಳಿದರೆ, ಅದೇ ತಿದ್ದುಪಡಿಯಿಂದ ಬಂದ 51ಎ ಅನುಚ್ಛೇದವು ಕಾಡು, ಕೆರೆ, ನದಿಗಳನ್ನು ಕಾಪಾಡುವುದನ್ನೂ ಜೀವಿಗಳಲ್ಲಿ ಕರುಣೆ ತೋರುವುದನ್ನೂ ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಸಾರಿದೆ. ಒಂದು ಕೈ ಪ್ರಭುತ್ವದ್ದು, ಇನ್ನೊಂದು ಕೈ ಗೃಹಸ್ಥನದು.

ಆ ಎರಡನೆಯ ಕೈಯನ್ನು ಕುರಿತು ವೀರಶೈವ ಗೃಹಸ್ಥನು ವಿಶೇಷವಾಗಿ ಆಲೋಚಿಸಬೇಕು. ಅವನ ಧರ್ಮದಲ್ಲಿ ನೀರು ಬರಿಯ ನೀರಲ್ಲ. ಅಷ್ಟಾವರಣಗಳಲ್ಲಿ ಪಾದೋದಕವಾಗಿ ಅದಕ್ಕೆ ಎಡೆಯುಂಟು. ಅನ್ನವು ಬರಿಯ ಅನ್ನವಲ್ಲ. ಲಿಂಗಕ್ಕೆ ಅರ್ಪಿತವಾದಾಗ ಪದಾರ್ಥಭಾವವಳಿದು ಪ್ರಸಾದವಾಗುತ್ತದೆ. ಪದಾರ್ಥವನ್ನು ಬಿಸಾಡಬಹುದು, ಪ್ರಸಾದವನ್ನು ಬಿಸಾಡಲು ಬಾರದು. ಆದುದರಿಂದಲೇ ನಿಷ್ಠೆಯುಳ್ಳ ಮನೆಗಳಲ್ಲಿ ಉಂಡ ತಳಿಗೆಯನ್ನು ತೊಳೆದು ಆ ನೀರನ್ನೂ ಕುಡಿಯುವ ಪದ್ಧತಿಯು ಬೆಳೆದು ಬಂದಿತು. ಅಗುಳನ್ನು ಬಿಡಬಾರದೆಂದು ಯಾವ ಸರ್ಕಾರವೂ ಆ ಮನೆಗಳಿಗೆ ಆಜ್ಞೆ ಮಾಡಿರಲಿಲ್ಲ. ಇಂತಹ ಸಂಸ್ಕಾರವುಳ್ಳ ಸಮಾಜಕ್ಕೆ ಹೊಸ ಕಟ್ಟಳೆಗಳು ಹೊರೆಯಾಗಿ ತೋರಬೇಕಾದುದಿಲ್ಲ. ಅವು ಹಳೆಯ ನೇಮದ ಹೊರಗೋಡೆಯಷ್ಟೆ.

ಆದರೆ ಆ ಸಂಸ್ಕಾರವು ಪೂಜೆಯ ಕೋಣೆಯ ಹೊರಗೂ ಉಳಿದಿದೆಯೇ ಎಂಬುದು ವಿಚಾರಣೀಯ. ಪಾದೋದಕದ ಒಂದು ಹನಿಯನ್ನೂ ನೆಲಕ್ಕೆ ಬೀಳಗೊಡದ ಭಕ್ತನ ಮನೆಯ ಮಾಳಿಗೆಯ ಮೇಲಣ ತೊಟ್ಟಿಯು ತುಂಬಿ, ಬೀದಿಗೆ ಹರಿಯುತ್ತಿರುವುದನ್ನು ಕಾಣಬಹುದಾಗಿದೆ. ಮದುವೆಗಳಲ್ಲಿ, ಗಣಾರಾಧನೆಗಳಲ್ಲಿ, ಜಾತ್ರೆಗಳಲ್ಲಿ, ಎರಡು ಗುಟುಕು ಕುಡಿದು ಬಿಟ್ಟ ನೀರಿನ ಶೀಶೆಗಳೂ ಬಳಸಿ ಎಸೆದ ಲೋಟಗಳೂ ರಾಶಿ ಬೀಳುತ್ತವೆ. ಮುತ್ತುಗದ ಎಲೆಯೂ ಬಾಳೆಯ ಎಲೆಯೂ ಹಿತ್ತಾಳೆಯ ಚೊಂಬೂ ಇದ್ದ ಎಡೆಯನ್ನು ಇವು ಆಕ್ರಮಿಸಿವೆ. ತಳಿಗೆಯ ಅಗುಳು ಪ್ರಸಾದ, ಪಂಕ್ತಿಯ ಕೊನೆಯಲ್ಲಿ ಚರಂಡಿಗೆ ಹರಿದ ನೀರು ಪ್ರಸಾದವಲ್ಲ ಎಂಬ ಭೇದವನ್ನು ಯಾವ ಶರಣರೂ ಹೇಳಿಲ್ಲ. ಒಳಗಿನ ನೇಮವು ಸಡಿಲಿದಷ್ಟೂ ಹೊರಗಿನ ಕಟ್ಟಳೆಯು ಬಿಗಿಯಾಗುವುದು ಲೋಕದ ರೀತಿ. ಕಟ್ಟಳೆಯು ಬಿಗಿಯಾಯಿತೆಂದು ಸಿಡಿಮಿಡಿಗೊಳ್ಳುವವರು ನೇಮವು ಎಲ್ಲಿ ಸಡಿಲಿತೆಂಬುದನ್ನೂ ಕೇಳಿಕೊಳ್ಳಬೇಕು.

ಆದಕಾರಣ, ಪರರ ಪಾಲಿಗೆ ತಟ್ಟುವ ಬಳಕೆಯನ್ನು ತಡೆಯುವ ಅಧಿಕಾರವು ಸರ್ಕಾರಕ್ಕೆ ಸಲ್ಲುತ್ತದೆ. ಆ ಅಧಿಕಾರವು ದೊಡ್ಡವರಿಂದ ಮೊದಲಾಗಿ, ಸಮನಾಗಿ, ಮನೆಯ ಮರ್ಯಾದೆಯನ್ನು ಕಾಯ್ದುಕೊಂಡು ನಡೆಯಬೇಕು. ಸದ್ಭಕ್ತನಾದರೋ ದಂಡಕ್ಕಾಗಿ ಕಾಯತಕ್ಕವನಲ್ಲ. ಮಿಕ್ಕ ಅಕ್ಕಿಯನ್ನು ಹೊತ್ತುಕೊಂಡು ಮರಳಿ ನಡೆದ ಮಾರಯ್ಯನ ಹೆಜ್ಜೆಗಳು ಅವನೆದುರಿಗಿವೆ. ನಲ್ಲಿಯನ್ನು ತಿರುಗಿಸುವಾಗ, ಸಂತೆಗೆ ಹೊರಡುವಾಗ, ಮನೆಯ ಮಂಗಳಕಾರ್ಯಕ್ಕೆ ಸಾಮಾನುಗಳ ಪಟ್ಟಿ ಬರೆಯುವಾಗ, ಇದರಲ್ಲಿ ತನ್ನ ಪಾಲೆಷ್ಟು, ಕಾಣದ ನೆರೆಯವನ ಪಾಲೆಷ್ಟು ಎಂದು ಗೃಹಸ್ಥರೂ ಗೃಹಿಣಿಯರೂ ಒಂದು ಕ್ಷಣ ನಿಂತು ವಿಚಾರಿಸಲಿ. ಮಕ್ಕಳಿಗೂ ಅದನ್ನು ಕಲಿಸಲಿ.