ನೋವಿಗೆ ಸಾಕ್ಷಿ

‘ತಾಳಿದವನು ಬಾಳಿಯಾನು’ ಎಂಬ ಗಾದೆ ಗಂಡಸಿನ ಹೆಸರಿನಲ್ಲಿದ್ದರೂ ತಾಳುವ ಕೆಲಸ ಬಂದಿರುವುದು ಹೆಚ್ಚಾಗಿ ನಮ್ಮ ಪಾಲಿಗೆ. ಹಲ್ಲು ಕಚ್ಚಿ ಸಹಿಸಿದವಳು ಗಟ್ಟಿಗಿತ್ತಿ, ನೋಯುತ್ತದೆ ಎಂದವಳು ನಾಜೂಕಿನವಳು. ತಾಳ್ಮೆ ದೊಡ್ಡ ಗುಣವೇ. ಆದರೆ ಇನ್ನೊಬ್ಬರಿಂದ ಅದನ್ನು ಕೇಳುವ ಹಕ್ಕು ನಮಗಿದೆಯೇ?

ನಮ್ಮ ವೈನಿಗೆ ಸ್ತನದ ಕ್ಯಾನ್ಸರ್ ಆಗಿತ್ತು. ಹುಬ್ಬಳ್ಳಿಯಲ್ಲಿ ಕೀಮೋ ಮುಗಿಸಿ ಧಾರವಾಡದ ಮನೆಗೆ ಬಂದ ಮೇಲೆ ಅವರಿಗೆ ಅಂಗಾಲು ಉರಿ, ಬೆರಳುಗಳಲ್ಲಿ ಜೋಮು. ರಾತ್ರಿ ಹೊದಿಕೆ ತಾಗಿದರೂ ಮುಳ್ಳು ಚುಚ್ಚಿದಂತೆ. ನೋಡಲು ಬಂದವರಿಗೆ ಪಾದದ ಮೇಲೆ ಗಾಯವಿಲ್ಲ, ಬಾವಿಲ್ಲ. “ರಿಪೋರ್ಟ್ ಎಲ್ಲಾ ಚಲೋ ಬಂದಾವಲ್ಲವಾ, ಮನಸ್ಸು ಗಟ್ಟಿ ಮಾಡ್ಕೋ” ಎಂದಳು ಅವ್ವ. ಆ ಮಾತಿನಲ್ಲಿ ಅಕ್ಕರೆಯೇ ಇತ್ತು. ಆದರೆ ವೈನಿ ಅಂದಿನಿಂದ ಕಾಲಿನ ಸುದ್ದಿಯನ್ನೇ ಎತ್ತಲಿಲ್ಲ.

ಅವರ ಉರಿ ಮನಸ್ಸಿನ ಭ್ರಮೆಯಾಗಿರಲಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಔಷಧಿಗಳು ಕ್ಯಾನ್ಸರಿನ ಜೀವಕೋಶಗಳು ಬೆಳೆಯದಂತೆ ತಡೆಯುವಾಗ ನರಗಳನ್ನೂ ಘಾಸಿಗೊಳಿಸುತ್ತವೆ. ಅತಿ ಉದ್ದದ ನರಗಳ ತುದಿಗೆ ಮೊದಲ ಪೆಟ್ಟು. ಅದಕ್ಕೇ ಪಾದ, ಆಮೇಲೆ ಕೈಬೆರಳು. ರೋಗ ಹೋದರೂ ಈ ನೋವು ಕೆಲವರಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತದೆ.

ಗಾಯವಿಲ್ಲದ ಉರಿ ನಮಗೆ ಹೊಸದೇನಲ್ಲ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಮೆಣಸಿನಕಾಯಿ ಬೆರೆಸಿ ವರ್ಷದ ಖಾರಪುಡಿ ಮಾಡುವವರು ನಾವು. ತೊಟ್ಟು ಬಿಡಿಸಿದ ಕೈ ಸಂಜೆಯವರೆಗೂ ಧಗಧಗ ಎನ್ನುತ್ತದೆ, ಚರ್ಮ ಮಾತ್ರ ಸುಟ್ಟಿರುವುದಿಲ್ಲ. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಇದರ ಗುಟ್ಟು ಕಂಡುಹಿಡಿದರು. ನೋವನ್ನು ಅರಿಯುವ ನರಗಳಲ್ಲಿ ಒಂದು ಸಣ್ಣ ಬಾಗಿಲಿದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಗೆ ತೆರೆಯುವ ಆ ಬಾಗಿಲು ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ಗೂ ತೆರೆಯುತ್ತದೆ. ನರಕ್ಕೆ ಎರಡೂ ಬೆಂಕಿಯೇ. ಆರ್ಡೆಮ್ ಪಟಪೂಟಿಯನ್ ಅವರೊಡನೆ ಜೂಲಿಯಸ್‌ಗೆ 2021ರ ನೊಬೆಲ್ ಬಂತು. ಸೋಜಿಗವೆಂದರೆ, ಅದೇ ಕ್ಯಾಪ್ಸೈಸಿನ್ ಮುಲಾಮಾಗಿ, ಚರ್ಮಕ್ಕೆ ಹಚ್ಚುವ ಪಟ್ಟಿಯಾಗಿ ಕೆಲವು ಬಗೆಯ ನರದ ನೋವನ್ನು ತಗ್ಗಿಸುತ್ತದೆ. ಅದು ವೈದ್ಯರು ಹೇಳಿದಂತೆ ಬಳಸುವ ಔಷಧ. ಅಡುಗೆಮನೆಯ ಖಾರಪುಡಿಯಿಂದ ಮಾಡುವಂಥದ್ದಲ್ಲ.

ಇಂಥ ಮುಲಾಮು ಕೆಲಸ ಮಾಡಿತೋ ಇಲ್ಲವೋ ಎಂದು ಸಂಶೋಧಕರು ಹೇಗೆ ತಿಳಿಯುತ್ತಾರೆ? ಜ್ವರಕ್ಕೆ ಥರ್ಮಾಮೀಟರ್ ಇದ್ದಂತೆ ನೋವಿಗೆ ಅಳತೆಗೋಲಿಲ್ಲ. ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವು ಎಷ್ಟು ಎಂದು ರೋಗಿಯನ್ನೇ ಕೇಳುತ್ತಾರೆ. ಅವಳು ಏಳು ಎಂದರೆ ಏಳೇ ಬರೆದುಕೊಳ್ಳುತ್ತಾರೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವೂ 2020ರಲ್ಲಿ ತನ್ನ ವ್ಯಾಖ್ಯೆಯನ್ನು ತಿದ್ದುವಾಗ, ನೋವಾಗುತ್ತಿದೆ ಎಂದವರ ಮಾತಿಗೆ ಬೆಲೆ ಕೊಡಬೇಕೆಂದು ಸೇರಿಸಿತು. ಎಲ್ಲಕ್ಕೂ ಪುರಾವೆ ಬೇಡುವ ವಿಜ್ಞಾನ ಇಲ್ಲಿ ಅವಳ ಮಾತನ್ನೇ ಪುರಾವೆ ಎನ್ನುತ್ತದೆ. ಪುರಾವೆ ಕೇಳುವವರು ಮನೆಯವರು.

ಯಾರೋ ಒಬ್ಬರು ನೋವನ್ನು ಹೆಚ್ಚಿಸಿ ಹೇಳಿಯಾರು, ನಿಜ. ಅವರನ್ನು ನಂಬಿದರೆ ನಮಗೆ ಹೋಗುವುದು ಅರ್ಧ ತಾಸಿನ ಉಪಚಾರ. ನಂಬದಿದ್ದರೆ ನಿಜವಾಗಿ ನೋಯುವವಳು ಬಾಯಿ ಮುಚ್ಚುತ್ತಾಳೆ. ಕೀಮೋ ನಡೆದಿರುವಾಗಲೇ ಹೇಳಿದರೆ ವೈದ್ಯರು ಔಷಧಿಯ ಪ್ರಮಾಣ ತಗ್ಗಿಸಬಲ್ಲರು. ಆಮೇಲೂ ಡುಲಾಕ್ಸೆಟಿನ್ ಮಾತ್ರೆಯಿಂದ ಕೆಲವರಿಗೆ ಆರಾಮವಾಗುವುದುಂಟು. ಹೇಳದ ನೋವಿಗೆ ಯಾರು ಮದ್ದು ಕೊಟ್ಟಾರು?

ನನ್ನ ನೋವಿಗೆ ನಾನು ತಾಳ್ಮೆ ತಂದುಕೊಂಡರೆ ಅದು ಗುಣ. ಇನ್ನೊಬ್ಬರ ನೋವಿನ ಮೇಲೆ ಅದನ್ನು ಹೇರಿದರೆ ಅದು ನಮ್ಮ ಅನುಕೂಲ, ಅಷ್ಟೇ. ಕಾಲು ಉರಿಯುತ್ತದೆ ಎಂದವಳ ಪಾದ ನೋಡುವ ಮೊದಲು ಮುಖ ನೋಡಿ ಕೇಳೋಣ: “ಎಷ್ಟು ಉರೀತದವಾ?” ಅವಳು ಎಷ್ಟು ಎನ್ನುತ್ತಾಳೋ ಅಷ್ಟೇ.