ಎರಡು ಅಂಕಗಳ ಸೋಲು

ಗೆದ್ದವನ ದುಡಿಮೆಯೂ ಕೂದಲೆಳೆಯಷ್ಟರಲ್ಲಿ ಸೋತವನ ದುಡಿಮೆಯೂ ಒಂದೇ ತೂಕದ್ದೋ ಎಂಬದನ್ನು ವಿಚಾರಿಸೋಣ. 2010ನೆಯ ಇಸವಿ ಏಪ್ರಿಲ್ 5ರಂದು ಅಮೇರಿಕಾದ ಇಂಡಿಯಾನಾಪೊಲಿಸ್ ಪಟ್ಟಣದಲ್ಲಿ ಕಾಲೇಜುಗಳ ಬಾಸ್ಕೆಟ್‌ಬಾಲ್ ಪಂದ್ಯಗಳ ಕಡೆಯ ಆಟವು ನಡೆಯಿತು. ಎತ್ತರದಲ್ಲಿ ಕಟ್ಟಿದ ಕಬ್ಬಿಣದ ಬಳೆಯೊಳಗೆ ಚೆಂಡನ್ನು ಹಾಕುವದೇ ಈ ಆಟವು. ಅದೇ ಪಟ್ಟಣದ ಬಟ್ಲರ್ ಎಂಬ ಚಿಕ್ಕ ವಿದ್ಯಾಲಯದವರು, ಅದಕ್ಕೆ ಮುಂಚೆ 25 ಆಟಗಳನ್ನು ಎಡೆಬಿಡದೆ ಗೆದ್ದವರಾಗಿ, ಹೆಸರುವಾಸಿಯಾದ ಡ್ಯೂಕಿನವರಿಗೆ ಎದುರು ನಿಂತರು. ಡ್ಯೂಕಿಗೆ 61, ಬಟ್ಲರಿಗೆ 59 ಆಗಿರುವಾಗ, ಗಾರ್ಡನ್ ಹೇವರ್ಡ್ ಎಂಬ ಯುವಕನು ಅಂಗಣದ ನಡುವಿನಿಂದ ಎಸೆದ ಕಡೇ ಚೆಂಡು ಹಲಗೆಗೆ ತಗಲಿ, ಬಳೆಗೆ ಬಡಿದು, ಹೊರಗೆ ಬಿದ್ದಿತು. ಒಳಬಿದ್ದಿದ್ದರೆ ಮೂರು ಅಂಕಗಳು!

ನಾನು ಬಟ್ಲರಿನ ಪಕ್ಷದವನು. ಆದಾಗ್ಯೂ ಕೇಳುತ್ತೇನೆ: ಚೆಂಡು ಕೈಬಿಟ್ಟ ಮೇಲೆ ಆ ಯುವಕನು ಮಾಡತಕ್ಕದ್ದು ಏನು ಉಳಿದಿತ್ತು? ಒಳಬಿದ್ದಿದ್ದರೆ ಅವನನ್ನು ಶೂರನೆನ್ನುತ್ತಿದ್ದೆವು. ಹೊರಬಿದ್ದದ್ದರಿಂದ ಅವನ ತೋಳಿನ ಬಲವೇನು ಕಡಮೆಯಾಯಿತೋ?

ಕೆಲವರು ಇದನ್ನು ಅನ್ಯಾಯವೆನ್ನುತ್ತಾರೆ. ನಾನು ಒಪ್ಪೆನು. ಡ್ಯೂಕಿನವರೂ ಅದೇ 40 ನಿಮಿಷ ಬೆವರು ಸುರಿಸಿದರಷ್ಟೆ. ಚೆಂಡು ಒಳಬೀಳಲೆಂದು ನಾವು ಬಯಸಿದಾಗ, ಈ ಸಂಕಟವು ಅವರ ಪಾಲಿಗೆ ಹೋಗಲೆಂದೇ ಬಯಸಿದೆವಲ್ಲವೇ? ಇದನ್ನು ತಿಳಿದೂ ಆ ಚಲಚ್ಚಿತ್ರವನ್ನು ನೋಡುವಾಗೆಲ್ಲಾ ನನ್ನ ಮನಸ್ಸು ಚೆಂಡಿನ ಸಂಗಡಲೇ ಓಡುತ್ತದೆ.

ಮರುವರುಷವೂ ಬಟ್ಲರಿನವರು ಕಡೆಯ ಆಟದ ವರೆಗೆ ಬಂದು, ಕನೆಕ್ಟಿಕಟ್‌ನವರಿಗೆ 53ಕ್ಕೆ 41ರಂತೆ ಸೋತರು. ಅದು ಹೆಚ್ಚು ದೊಡ್ಡ ಸೋಲು. ಆದರೆ ನನ್ನನ್ನು ಇಷ್ಟಾಗಿ ನೋಯಿಸಲಿಲ್ಲ.